ಹಿಂದಿನ ಗಾಲಿಗೆ ಎಷ್ಟು ಅಗಲದ ಟೈರು ಸರಿ?

ಪ್ರಶ್ನೆ: ನಾನು ಕಲಬುರಗಿಯ ಸೇಡಂ ರಸ್ತೆಯಲ್ಲಿ ವಾಸವಾಗಿದ್ದೇನೆ. 2012ರ ಮಾದರಿಯ ಬಿಎಂಡಬ್ಲ್ಯು ಝಡ್4 ಎಸ್‌ಡ್ರೈವ್35ಐ ಕಾರನ್ನು ಹೈದರಾಬಾದಿನಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದೇನೆ. ಮುಂದೆ 225/40 ಆರ್18, ಹಿಂದೆ 255/35 ಆರ್18 ಟೈರುಗಳಿವೆ. ರಿಮ್ಮುಗಳ ಒಳಬದಿಯಲ್ಲಿ ಮುಂದಿನವುಗಳಿಗೆ 8ಜೆ, ಹಿಂದಿನವುಗಳಿಗೆ 8½ಜೆ ಎಂಬ ಗುರುತಿದೆ. ನಾಲ್ಕೂ ಟೈರುಗಳ ಬಟನ್ (ರಸ್ತೆಗೆ ತಾಗುವ ಗೀರುಗಳಿರುವ ರಬ್ಬರ್ ಪದರ) ಸವೆದುಹೋಗಿದೆ. ಹಿಂದೆ 275 ಹಾಕಿದರೆ ಹಿಡಿತ ಹೆಚ್ಚುತ್ತದೆ ಎಂದು ಟೈರಿನ ಅಂಗಡಿಯವರು ಹೇಳುತ್ತಾರೆ. ನಾಲ್ಕೂ ಕಡೆ 225 ಹಾಕಿಸಿದರೆ ಹಿಂದುಮುಂದು ಬದಲಿಸಿಕೊಳ್ಳಬಹುದು ಎಂದು ಗೆಳೆಯರ ಸಲಹೆ. ವಾರಕ್ಕೊಮ್ಮೆ ಹುಮನಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗಿಬರುತ್ತೇನೆ. ಯಾವುದನ್ನು ಆರಿಸಲಿ?

ಉತ್ತರ: ನೀವು ರಿಮ್ಮಿನ ಅಗಲವನ್ನೂ (8ಜೆ, 8½ಜೆ ಎಂದರೆ 8 ಮತ್ತು 8½ ಇಂಚು) ಬರೆದಿರುವುದು ಬಹಳ ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಒಂದು ಅಂಕಿಯಲ್ಲೇ ಇದೆ. ಈಗಿರುವ 225 ಮತ್ತು 255ರ ಜೋಡಿಯನ್ನೇ ಮುಂದುವರಿಸಿ ಎಂಬುದು ನನ್ನ ಸಲಹೆ. 275ನ್ನು ಈ ರಿಮ್ಮಿಗೆ ಹಾಕಿಸಲೇಬೇಡಿ. ನಾಲ್ಕೂ ಕಡೆ 225 ಎಂಬ ಯೋಚನೆಯಲ್ಲಿ ತರ್ಕವಿದೆ, ಆದರೆ ಅದು ಈ ಎಂಜಿನ್ನಿಗೆ ಹೊಂದುವುದಿಲ್ಲ.

ಮೊದಲು ರಿಮ್ಮಿನ ಮಾತು. ಟೈರಿನ ಮೇಲಿನ 255 ಎಂಬುದು ಒಂದು ಬದಿಯ ಸೈಡ್‌ವಾಲಿನಿಂದ (ಟೈರಿನ ಪಕ್ಕದ ಗೋಡೆಯಿಂದ) ಇನ್ನೊಂದು ಬದಿಯವರೆಗಿನ ಅಗಲ, ಮಿಲಿಮೀಟರುಗಳಲ್ಲಿ. 35 ಎಂಬುದು ಆ ಅಗಲದ ಶೇಕಡಾ ಎಷ್ಟು ಎತ್ತರದ ಸೈಡ್‌ವಾಲ್ ಇದೆ ಎಂಬುದರ ಲೆಕ್ಕ; ಆರ್18 ಎಂದರೆ 18 ಇಂಚು ವ್ಯಾಸದ ರಿಮ್ಮಿಗೆ ಕೂರುವ ಟೈರು. ಆದರೆ ಈ 255 ಎಂಬುದನ್ನು ಒಂದು ನಿಗದಿತ ರಿಮ್ಮಿನ ಮೇಲೆ ಕೂರಿಸಿ ಅಳೆದಿರುತ್ತಾರೆ. 255/35 ಆರ್18ಕ್ಕೆ ಆ ಅಳತೆಯ ರಿಮ್ 9 ಇಂಚಿನದು, ಒಪ್ಪಿತ ಮಿತಿ 8½ರಿಂದ 10 ಇಂಚು. ರಿಮ್ ಅರ್ಧ ಇಂಚು ಕಡಿಮೆಯಾದರೆ ಟೈರಿನ ಅಗಲವೂ ಸುಮಾರು 5 ಮಿ.ಮೀ. ಕಡಿಮೆಯಾಗುತ್ತದೆ, ಆದ್ದರಿಂದ ನಿಮ್ಮ ಕಾರಿನ ಮೇಲೆ ಇಂದು ಇರುವ ಹಿಂದಿನ ಟೈರಿನ ನಿಜವಾದ ಅಗಲ 250ರ ಆಸುಪಾಸಿನಲ್ಲಿದೆ. ಅಂದರೆ ಈ ರಿಮ್ ಹೊರಬಹುದಾದ ಅಗಲದ ಕೊನೆಯ ಮೆಟ್ಟಿಲಿನ ಮೇಲೆ ನೀವು ಈಗಾಗಲೇ ನಿಂತಿದ್ದೀರಿ. 275/35 ಆರ್18ಕ್ಕೆ ಕನಿಷ್ಠ 9 ಇಂಚಿನ ರಿಮ್ ಬೇಕು. ಅಂಗಡಿಯ ಯಂತ್ರದಲ್ಲಿ ಅದು 8½ ಇಂಚಿನ ರಿಮ್ಮಿಗೂ ಕೂರುತ್ತದೆ, ಹವಾ ಹಿಡಿಯುತ್ತದೆ, ನೋಡಲು ಮೈತುಂಬಿಕೊಂಡಂತೆ ಕಾಣುತ್ತದೆ. ಕೂತಿತು ಎಂದ ಮಾತ್ರಕ್ಕೆ ಅದು ಹೊಂದಿತು ಎಂದಲ್ಲ.

ಇದನ್ನು ಓದಿ ತಿಳಿದುಕೊಂಡದ್ದಕ್ಕಿಂತ ಹೆಚ್ಚಾಗಿ ನನ್ನ ಕೈಯಾರೆ ಮಾಡಿದ ಒಂದು ತಪ್ಪಿನಿಂದ ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಹಿಂದಿನ ಗಾಲಿಗಳಿಂದ ಓಡುವ ಒಂದು ಸೆಡಾನ್ ಕಾರಿಗೆ, ಮಾಲೀಕರ ಒತ್ತಾಯಕ್ಕೆ ಮಣಿದು, 8½ ಇಂಚಿನ ರಿಮ್ಮಿನ ಮೇಲೆ 275ರ ಟೈರು ಹಾಕಿಕೊಟ್ಟೆ. ಸುಮಾರು ಏಳು ಸಾವಿರ ಕಿಲೋಮೀಟರ್ ಓಡಿದ ಮೇಲೆ ಆ ಕಾರು ಮರಳಿ ಬಂತು. ಹವಾ ಸರಿಯಾಗಿಯೇ ಇತ್ತು. ಆದರೆ ಡೆಪ್ತ್ ಗೇಜ್ ಇಟ್ಟು ನೋಡಿದಾಗ ಬಟನ್ನಿನ ಆಳ ಟೈರಿನ ನಡುವೆ 3 ಮಿ.ಮೀ.ಗಿಂತ ಕಡಿಮೆಯಾಗಿತ್ತು, ಎರಡೂ ಅಂಚುಗಳಲ್ಲಿ 5 ಮಿ.ಮೀ. ದಾಟಿತ್ತು. ಹೊರ ಅಂಚಿನ ರಬ್ಬರಿನ ಮೇಲಿದ್ದ ಸಣ್ಣ ಕೂದಲಿನಂಥ ಎಳೆಗಳು ಕೂಡ ಹಾಗೆಯೇ ಉಳಿದಿದ್ದವು, ಬೆರಳಾಡಿಸಿದರೆ ಚುಚ್ಚುತ್ತಿದ್ದವು. ಕಿರಿದಾದ ರಿಮ್ ಟೈರಿನ ಎರಡೂ ಕಾಲುಗಳನ್ನು (ರಿಮ್ಮಿಗೆ ಕೂರುವ ಅಂಚುಗಳನ್ನು) ಒಳಕ್ಕೆ ಎಳೆದು ಹಿಡಿದಿದ್ದರಿಂದ ಮೇಲ್ಮೈ ಕಮಾನಿನಂತೆ ಬಾಗಿ, ನಡುಭಾಗವಷ್ಟೇ ರಸ್ತೆಯನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಮಾಲೀಕರು ಹಣ ಕೊಟ್ಟು ಕೊಂಡ ಆ ಹೆಚ್ಚಿನ ಅಗಲ ನೆಲವನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ. ಅಂದಿನಿಂದ ರಿಮ್ಮಿನ ಗುರುತನ್ನು ಓದದೆ ನಾನು ಯಾರಿಗೂ ಟೈರಿನ ಅಗಲ ಹೇಳಿಲ್ಲ.

ಇನ್ನು, ಅಗಲ ಹೆಚ್ಚಾದರೆ ಹಿಡಿತ ಏಕೆ ಹೆಚ್ಚುತ್ತದೆ ಎಂಬುದನ್ನು ನೋಡೋಣ. ಹೆಚ್ಚುವುದು ನಿಜ, ಆದರೆ ಜನ ಅಂದುಕೊಂಡ ಕಾರಣಕ್ಕಲ್ಲ. ಅಗಲವಾದ ಟೈರು ನೆಲವನ್ನು ಹೆಚ್ಚು ಮುಟ್ಟುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಶಹಾಬಾದ್ ಕಲ್ಲು ಹಾಸಿದ ನನ್ನ ವರ್ಕ್‌ಶಾಪಿನ ನೆಲದ ಮೇಲೆ ಒಂದು ದಪ್ಪ ರಟ್ಟನ್ನು ಇಟ್ಟು, ಟೈರಿಗೆ ಸುಣ್ಣದ ಪುಡಿ ಬಳಿದು, ಜಾಕಿನಿಂದ ಮೆಲ್ಲಗೆ ಇಳಿಸಿ ಮತ್ತೆ ಎತ್ತಿದರೆ ಟೈರಿನ ಹೆಜ್ಜೆ ಬಿಳಿಯಾಗಿ ಮೂಡುತ್ತದೆ. ಇದನ್ನು ನೀವು ಮನೆಯಲ್ಲೂ ಮಾಡಿ ನೋಡಬಹುದು. ಆ ಹೆಜ್ಜೆ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರ ವಿಸ್ತಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲಿನ ಭಾರ ಮತ್ತು ಒಳಗಿನ ಹವಾ. ಒಂದು ಗಾಲಿಯ ಮೇಲೆ 400 ಕೆ.ಜಿ. ಭಾರ, ಒಳಗೆ 33 ಪಿಎಸ್‌ಐ ಹವಾ ಇದೆ ಎಂದಿಟ್ಟುಕೊಳ್ಳಿ. 33 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕೆ.ಜಿ. ಒತ್ತಡ, ಹಾಗಾದರೆ ಹೆಜ್ಜೆಯ ವಿಸ್ತಾರ ಸುಮಾರು 172 ಚದರ ಸೆಂ.ಮೀ. ಬಟನ್ನಿನ ಅಗಲ 19 ಸೆಂ.ಮೀ. ಇದ್ದರೆ ಹೆಜ್ಜೆಯ ಉದ್ದ 9 ಸೆಂ.ಮೀ., ಅಗಲ 22 ಸೆಂ.ಮೀ. ಆದರೆ ಉದ್ದ 7.8 ಸೆಂ.ಮೀ. ವಿಸ್ತಾರ ಅಷ್ಟೇ ಇದ್ದು ಆಕಾರ ಮಾತ್ರ ಬದಲಾಗುತ್ತದೆ. ಸೈಡ್‌ವಾಲಿನ ಬಿಗುವೂ ಸ್ವಲ್ಪ ಭಾರ ಹೊರುವುದರಿಂದ ಈ ಲೆಕ್ಕ ಕೂದಲೆಳೆಯಷ್ಟು ನಿಖರವಲ್ಲ, ಆದರೆ ದಿಕ್ಕು ಸರಿಯಾಗಿದೆ.

ಅಡ್ಡಕ್ಕೆ ಅಗಲವಾಗಿ, ಉದ್ದಕ್ಕೆ ಗಿಡ್ಡವಾಗಿರುವ ಹೆಜ್ಜೆ ತಿರುವಿನಲ್ಲಿ ಬೇಗ ಸ್ಪಂದಿಸುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಮೂಗು ತಿರುಗಿಸುವುದು ಅದರಿಂದಲೇ. ಎರಡನೆಯದಾಗಿ, ಉಜ್ಜುವಿಕೆಯ ಬಿಸಿ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ, ಆದ್ದರಿಂದ ಮೆದು ರಬ್ಬರನ್ನು ಬಳಸಲು ಸಾಧ್ಯವಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿಗೆ ಸೇರುವ ಭಾರದಷ್ಟೇ ಭಾರ ಒಳಗಿನ ಗಾಲಿಯಿಂದ ಕಡಿಮೆಯಾದರೂ, ಹೊರಗಿನದು ಗಳಿಸುವ ಹಿಡಿತ ಒಳಗಿನದು ಕಳೆದುಕೊಳ್ಳುವ ಹಿಡಿತವನ್ನು ತುಂಬಿಕೊಡುವುದಿಲ್ಲ. ಅಗಲವಾದ ಟೈರಿನಲ್ಲಿ ಈ ನಷ್ಟ ಕಡಿಮೆ. ಆದ್ದರಿಂದ ಮುಂದಿನ ಮತ್ತು ಹಿಂದಿನ ಟೈರುಗಳ ಅಗಲದ ನಡುವಿನ ಅಂತರವೇ ಕಾರಿನ ಸ್ವಭಾವವನ್ನು ತೀರ್ಮಾನಿಸುತ್ತದೆ.

ಹಿಂದಿನ ಗಾಲಿಗಳಿಂದ ಓಡುವ ಕಾರಿನಲ್ಲಿ ಹಿಂದಿನ ಟೈರಿಗೆ ಎರಡು ಕೆಲಸ: ಕಾರನ್ನು ಮುಂದಕ್ಕೆ ತಳ್ಳುವುದು, ತಿರುವಿನಲ್ಲಿ ಕಾರನ್ನು ಹೊರಕ್ಕೆ ಜಾರದಂತೆ ಹಿಡಿಯುವುದು. ಎರಡಕ್ಕೂ ಇರುವುದು ಒಂದೇ ಗಂಟು. ತಳ್ಳಲು ಹೆಚ್ಚು ಖರ್ಚಾದರೆ ಹಿಡಿಯಲು ಉಳಿಯುವುದು ಕಡಿಮೆ. ನಿಮ್ಮ ಕಾರಿನ 2979 ಸಿಸಿ, ಎರಡು ಟರ್ಬೊಗಳ ಎಂಜಿನ್ 306 ಅಶ್ವಶಕ್ತಿ ಮತ್ತು 400 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಆ ಟಾರ್ಕ್ ಕಡಿಮೆ ಆರ್‌ಪಿಎಂನಲ್ಲೇ ದೊರಕುತ್ತದೆ. ಚಾಲಕರೂ ಸೇರಿ 1600 ಕೆ.ಜಿ. ತೂಕ, ಎರಡೂವರೆ ಮೀಟರ್ ವ್ಹೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ), ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ ಭಾರಕೇಂದ್ರ ಎಂದು ಹಿಡಿದರೆ, ಜೋರಾಗಿ ವೇಗ ಹೆಚ್ಚಿಸಿದಾಗ ಸುಮಾರು 130 ಕೆ.ಜಿ. ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಈ ಕಾರಣಗಳಿಂದ ತಯಾರಕರು ಹಿಂದೆ 30 ಮಿ.ಮೀ. ಹೆಚ್ಚು ಅಗಲ ಕೊಟ್ಟಿದ್ದಾರೆ. ಎಂಜಿನ್ ನಡುವೆ ಇರುವ ಪೋರ್ಷೆ ಬಾಕ್ಸ್‌ಸ್ಟರ್ 987ರಲ್ಲೂ ಇದೇ ಅಂತರ ಕಾಣುತ್ತದೆ: 17 ಇಂಚಿನ ಗಾಲಿಗಳಲ್ಲಿ ಮುಂದೆ 205/55, ಹಿಂದೆ 235/50. ಇದಕ್ಕೆ ವಿರುದ್ಧವಾಗಿ, 2012ರಲ್ಲಿ ಬಂದ ಟೊಯೊಟಾ ಜಿಟಿ86 ಕಾರಿಗೆ ನಾಲ್ಕೂ ಕಡೆ 215/45 ಆರ್17 ಇತ್ತು. ಆ ಕಾರು ಹಗುರ, ಶಕ್ತಿ ಸುಮಾರು 200 ಅಶ್ವಶಕ್ತಿ, ಹಿಂಭಾಗ ಸ್ವಲ್ಪ ಆಡಲಿ ಎಂಬುದೇ ಅದನ್ನು ಕಟ್ಟಿದವರ ಇಚ್ಛೆ. ನಿಮ್ಮ ಗೆಳೆಯರ ಸಲಹೆ ಅಂಥ ಕಾರಿಗೆ ಸರಿಯಾದದ್ದು.

ನಿಮ್ಮ ಕಾರಿನ ಹಿಂದೆ 225/40 ಹಾಕಿದರೆ ರಿಮ್ಮಿನ ದೃಷ್ಟಿಯಿಂದ ತೊಂದರೆಯಿಲ್ಲ, ಏಕೆಂದರೆ ಆ ಟೈರಿಗೆ 7½ರಿಂದ 9 ಇಂಚಿನವರೆಗೆ ಒಪ್ಪಿಗೆ ಇದೆ. ಹೊರವ್ಯಾಸವೂ ಹೊಂದುತ್ತದೆ. ತೊಂದರೆ ಬರುವುದು ಒದ್ದೆ ರಸ್ತೆಯ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ. ಹಿಂಭಾಗ ಮೊದಲಿಗಿಂತ ಬೇಗ ಜಾರುತ್ತದೆ, ಡಿಎಸ್‌ಸಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಮಧ್ಯೆ ಬಂದು ಎಂಜಿನ್ನನ್ನು ಕಟ್ಟಿಹಾಕುತ್ತದೆ. ಟೈರು ಬದಲಿಸಿಕೊಳ್ಳುವ ಅನುಕೂಲಕ್ಕಾಗಿ ಇಷ್ಟನ್ನು ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ. ಹಿಂದಿನ ಜೋಡಿ ಮೊದಲು ಸವೆಯುತ್ತದೆ ಎಂಬುದನ್ನು ಒಪ್ಪಿಕೊಂಡು, ಆ ಎರಡನ್ನು ಮಾತ್ರ ಮೊದಲು ಬದಲಿಸುವ ಲೆಕ್ಕ ಇಟ್ಟುಕೊಳ್ಳಿ.

ಹೊರವ್ಯಾಸದ ಪ್ರಸ್ತಾಪ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 225/40 ಆರ್18ರ ವ್ಯಾಸ 637 ಮಿ.ಮೀ., 255/35 ಆರ್18ರದು 636. ಎಬಿಎಸ್ ಮತ್ತು ಡಿಎಸ್‌ಸಿ ವ್ಯವಸ್ಥೆಗಳು ನಾಲ್ಕೂ ಗಾಲಿಗಳ ವೇಗವನ್ನು ಸದಾ ಹೋಲಿಸುತ್ತ ಯಾವುದು ಜಾರುತ್ತಿದೆ ಎಂದು ಕಂಡುಹಿಡಿಯುವುದರಿಂದ ಈ ಎರಡು ಅಂಕಿಗಳು ಹತ್ತಿರವಿರಬೇಕು. 275/35ರ ವ್ಯಾಸ 650 ಮಿ.ಮೀ.; ಮುಂದಿನದಕ್ಕೂ ಅದಕ್ಕೂ ಶೇಕಡಾ 2ರಷ್ಟು ಅಂತರ ಬೀಳುತ್ತದೆ. 285/30 ಹಾಕೋಣವೆಂದರೆ ವ್ಯಾಸ 628ಕ್ಕೆ ಇಳಿಯುತ್ತದೆ, ರಿಮ್ 9½ ಇಂಚು ಬೇಕಾಗುತ್ತದೆ. ತಯಾರಕರ ನಿರ್ದಿಷ್ಟತೆಗಿಂತ ಭಿನ್ನವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದೂ ಗಮನದಲ್ಲಿರಲಿ. ಅಪಘಾತವಾದಾಗ ವಿಮೆಯ ಸರ್ವೇಯರ್ ಮೊದಲು ಓದುವುದರಲ್ಲಿ ಟೈರಿನ ಅಳತೆಯೂ ಒಂದು.

ಈ ಮಾತುಗಳೆಲ್ಲ ಯಾವ ಊರಿಗಾದರೂ ಸಲ್ಲುತ್ತವೆ. ಆದರೆ ನೀವು ಓಡಿಸುವುದು ನಮ್ಮ ರಸ್ತೆಗಳಲ್ಲಿ, ಮತ್ತು ನಮ್ಮ ರಸ್ತೆಗಳು ಅಗಲಕ್ಕೆ ಬೇರೆಯೇ ಬೆಲೆ ಕೇಳುತ್ತವೆ. ಸೇಡಂ ರಸ್ತೆಯನ್ನೇ ನೋಡಿ. ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಲಾರಿಗಳು ಓಡಾಡುವ ಇಂಥ ರಸ್ತೆಗಳಲ್ಲಿ, ಅದರಲ್ಲೂ ಅವು ಬ್ರೇಕ್ ಹಾಕುವ ಕಡೆಗಳಲ್ಲಿ, ಡಾಂಬರು ತಗ್ಗಾಗಿ ಉದ್ದನೆಯ ಜಾಡು ಬೀಳುತ್ತದೆ. ಮುಂದಿನ ಟೈರು ಅಗಲವಾದಷ್ಟೂ ಅದು ಆ ಜಾಡಿನ ಅಂಚನ್ನು ಹಿಡಿದು ಸ್ಟೀರಿಂಗನ್ನು ಅತ್ತಿತ್ತ ಎಳೆಯುತ್ತದೆ. ಮುಂದೆ 245 ಹಾಕಿಸಿಕೊಂಡವರು ಅಲೈನ್‌ಮೆಂಟ್ ಹಾಳಾಗಿದೆ ಎಂದು ನನ್ನಲ್ಲಿಗೆ ಬಂದದ್ದುಂಟು. ಅಲೈನ್‌ಮೆಂಟ್ ಸರಿಯಾಗಿಯೇ ಇರುತ್ತಿತ್ತು. ಎರೆಭೂಮಿಯ ಮೇಲೆ ಹಾಕಿದ ರಸ್ತೆಯ ಕಥೆ ಇನ್ನೊಂದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ, ಅಲ್ಲಲ್ಲಿ ಬಿರುಕು ಬಿಟ್ಟು ಗುಂಡಿಯಾಗುತ್ತದೆ. 89 ಮಿ.ಮೀ. ಎತ್ತರದ ಸೈಡ್‌ವಾಲ್ ಇರುವ ಟೈರು ಇಂಥ ಗುಂಡಿಗೆ ಬಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಒತ್ತಿಹೋಗಿ ಒಳಗಿನ ನೂಲು ಹರಿದು ಸೈಡ್‌ವಾಲಿನಲ್ಲಿ ಗುಳ್ಳೆ ಏಳುತ್ತದೆ. ಅಗಲ ಹೆಚ್ಚಿಸಿ ವ್ಯಾಸ ಉಳಿಸಿಕೊಳ್ಳಲು ಪ್ರೊಫೈಲ್ (35, 30 ಎಂಬ ಶೇಕಡಾ ಅಂಕಿ) ಇಳಿಸುತ್ತ ಹೋದರೆ ಇರುವ ಈ ಸ್ವಲ್ಪ ರಕ್ಷಣೆಯೂ ಹೋಗುತ್ತದೆ.

ಮಳೆಗಾಲದ ಅಪಾಯವನ್ನು ನಮ್ಮ ಭಾಗದ ಚಾಲಕರು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಮಳೆ ಕಡಿಮೆ ಎಂಬ ಕಾರಣಕ್ಕೆ. ತೊಗರಿ ಹೊಲದಿಂದ ಹೊರಬಂದ ಟ್ರ್ಯಾಕ್ಟರಿನ ಗಾಲಿಗಳು ಮೆತ್ತಿಕೊಂಡು ತಂದ ಎರೆಮಣ್ಣು ಡಾಂಬರಿನ ಮೇಲೆ ಉದುರಿ, ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆ ಸಾಬೂನು ಬಳಿದಂತಾಗುತ್ತದೆ. ಅಗಲವಾದ ಟೈರು ಅದನ್ನು ಕತ್ತರಿಸಿಕೊಂಡು ಹೋಗುವ ಬದಲು ಅದರ ಮೇಲೆ ತೇಲುತ್ತದೆ. ನಿಂತ ನೀರಿನ ಮೇಲೂ ಹೀಗೆಯೇ. 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿದ ನಾಸಾದವರು ಟೈರು ನೀರಿನ ಮೇಲೆ ತೇಲತೊಡಗುವ ವೇಗವನ್ನು ಹವಾದ ಒತ್ತಡಕ್ಕೆ ಜೋಡಿಸುವ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ 33 ಪಿಎಸ್‌ಐಗೆ ಆ ವೇಗ ಗಂಟೆಗೆ 95 ಕಿಲೋಮೀಟರಿನಷ್ಟಾಗುತ್ತದೆ. ಬಟನ್ನಿನ ಗೀರುಗಳು ಆಳವಾಗಿದ್ದರೆ ನೀರಿಗೆ ದಾರಿ ಸಿಕ್ಕು ಈ ಮಿತಿ ಮೇಲೇರುತ್ತದೆ, ಹೆಜ್ಜೆ ಅಗಲವಾಗಿ ಗಿಡ್ಡವಾದಷ್ಟೂ ಕೆಳಗಿಳಿಯುತ್ತದೆ. ಹುಮನಾಬಾದಿನ ನಂತರ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ನೀವು ಓಡಿಸುವ ವೇಗ ಇದರ ಹತ್ತಿರದ್ದೇ ಆಗಿರುತ್ತದೆ. ಕಾನೂನು 1.6 ಮಿ.ಮೀ. ಆಳದವರೆಗೆ ಬಿಡುತ್ತದೆ; ನಿಮ್ಮ ಕಾರಿಗೆ, ಮಳೆಗಾಲ ಶುರುವಾಗುವ ಮೊದಲು, 3 ಮಿ.ಮೀ. ಎಂಬುದನ್ನು ಕೊನೆ ಎಂದು ತಿಳಿಯಿರಿ.

ಇನ್ನು ಯಾವ ಟೈರು ಕೊಳ್ಳಬೇಕೆಂಬುದು. ಒಳ್ಳೆಯ ರಬ್ಬರಿನ 255, ಸಾಧಾರಣ ರಬ್ಬರಿನ 275ಕ್ಕಿಂತ ಒದ್ದೆಯಲ್ಲೂ ಒಣಗಿನಲ್ಲೂ ಹೆಚ್ಚು ಹಿಡಿಯುತ್ತದೆ. ಸೈಡ್‌ವಾಲಿನ ಮೇಲೆ ಟ್ರೆಡ್‌ವೇರ್ (ಸವೆತ ತಾಳುವ ಅಂಕಿ), ಟ್ರ್ಯಾಕ್ಷನ್ (ಒದ್ದೆ ರಸ್ತೆಯ ಹಿಡಿತ), ಟೆಂಪರೇಚರ್ (ಬಿಸಿ ತಾಳುವ ಶಕ್ತಿ) ಎಂಬ ಮೂರು ಗುರುತುಗಳಿದ್ದರೆ ಓದಿ. ಟ್ರ್ಯಾಕ್ಷನ್ ಎಎ ಅಥವಾ ಎ ಇರಲಿ. ಟೆಂಪರೇಚರ್ ಎ ಇರಲೇಬೇಕು. ಮೇ ತಿಂಗಳಲ್ಲಿ ಗಾಳಿಯ ಉಷ್ಣಾಂಶ 43 ಡಿಗ್ರಿ ಮುಟ್ಟುವ ನಮ್ಮೂರಿನಲ್ಲಿ ಡಾಂಬರು 60 ಡಿಗ್ರಿ ದಾಟುವುದು ಸಾಮಾನ್ಯ. ಟ್ರೆಡ್‌ವೇರ್ 200ರ ಮೆದು ಟೈರು ರೇಸ್ ಟ್ರ್ಯಾಕಿಗೆ ಹೋಗುವವರಿಗೆ. ನಿಮಗೆ 280ರಿಂದ 340ರೊಳಗಿನದು ಸಾಕು. ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರದ ಅಂಕಿ) ಮತ್ತು ವೇಗದ ಅಕ್ಷರ (ಅದು ತಾಳಬಲ್ಲ ಗರಿಷ್ಠ ವೇಗದ ಗುರುತು) ಬಾಗಿಲ ಕಂಬದ ಸ್ಟಿಕರಿನಲ್ಲಿ ಮತ್ತು ಕಾರಿನ ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆ ಬೇಡ. ನಾಲ್ಕು ಅಂಕಿಯ ತಯಾರಿಕೆಯ ಗುರುತನ್ನೂ ನೋಡಿ: 2324 ಎಂದಿದ್ದರೆ 2024ರ 23ನೇ ವಾರ. ನಿಮ್ಮದು ಇಲ್ಲಿ ದಿನಾ ಮಾರಾಟವಾಗುವ ಅಳತೆಯಲ್ಲ. ಗೋದಾಮಿನಲ್ಲಿ ಬಹುಕಾಲ ಕೂತ ಟೈರು ಬರುವ ಸಂಭವ ಇರುವುದರಿಂದ ಹಣ ಕೊಡುವ ಮುನ್ನ ಈ ಅಂಕಿಯನ್ನು ಫೋಟೊದಲ್ಲಿ ತರಿಸಿಕೊಳ್ಳಿ. ನಾಲ್ಕೂ ಟೈರುಗಳು ಒಂದೇ ಕಂಪನಿಯ ಒಂದೇ ಮಾದರಿಯಾಗಿರಲಿ. ಒಂದು ಕಂಪನಿಯ 245 ಇನ್ನೊಂದರ 255ರಷ್ಟೇ ಅಗಲವಿರುವುದುಂಟು, ಬೆರೆಸಿದರೆ ಮುಂದೆ ಹಿಂದೆಯ ಲೆಕ್ಕ ತಪ್ಪುತ್ತದೆ.

ಈ ಕಾರು ಕಾರ್ಖಾನೆಯಿಂದ ರನ್‌ಫ್ಲಾಟ್ (ಹವಾ ಹೋದರೂ ಸ್ವಲ್ಪ ದೂರ ಓಡಬಲ್ಲ) ಟೈರುಗಳೊಂದಿಗೆ, ಸ್ಟೆಪ್ನಿ ಇಲ್ಲದೆ ಬಂದದ್ದು. ಅವುಗಳ ಸೈಡ್‌ವಾಲ್ ಬಿರುಸಾಗಿರುವುದರಿಂದ ನಮ್ಮ ರಸ್ತೆಗಳಲ್ಲಿ ಕಾರು ಕುಕ್ಕುತ್ತದೆ. ಸಾಮಾನ್ಯ ಟೈರಿಗೆ ಬದಲಾಗುವುದಾದರೆ ನಾಲ್ಕನ್ನೂ ಬದಲಿಸಿ, ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಮತ್ತು ಹವಾ ತುಂಬುವ ಸಣ್ಣ ಪಂಪನ್ನು ಇಟ್ಟುಕೊಳ್ಳಿ. ರಾತ್ರಿ ಕಮಲಾಪುರ ದಾಟಿದ ಮೇಲೆ ಟೈರು ಹೋದರೆ 18 ಇಂಚಿನ ಟೈರನ್ನು ಬಿಚ್ಚಿ ಕೂರಿಸುವ ಯಂತ್ರವಿರುವ ಅಂಗಡಿ ಸಿಗುವುದು ಕಷ್ಟ.

ಹವಾ ಬೆಳಗಿನ ಜಾವ, ಕಾರು ಓಡುವ ಮೊದಲು, ಸ್ಟಿಕರಿನಲ್ಲಿರುವಷ್ಟು ತುಂಬಿಸಿ. ಉಷ್ಣಾಂಶ ಐದಾರು ಡಿಗ್ರಿ ಏರಿದರೆ ಒತ್ತಡ 1 ಪಿಎಸ್‌ಐ ಏರುತ್ತದೆ, ಆದ್ದರಿಂದ ಹೈದರಾಬಾದ್ ತಲುಪುವಾಗ 4ರಿಂದ 6 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಬಿಸಿಯಾದ ಟೈರಿನಿಂದ ಹವಾ ಬಿಡಬೇಡಿ. ಬೇಸಿಗೆಯಲ್ಲಿ ಟೈರು ಸಿಡಿಯುತ್ತದೆ ಎಂಬ ಭಯದಿಂದ ಹವಾ ಕಡಿಮೆ ಇಡುವ ರೂಢಿ ನಮ್ಮಲ್ಲಿದೆ. ಹವಾ ಕಡಿಮೆಯಿದ್ದ ಟೈರಿನ ಸೈಡ್‌ವಾಲ್ ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ, ಸಿಡಿಯುವುದೂ ಅದೇ.

ಹೊಸ ಟೈರು ಕೂರಿಸಿದ ದಿನವೇ ನಾಲ್ಕು ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ, ಹಿಂದಿನ ಗಾಲಿಗಳ ಕ್ಯಾಂಬರ್ (ಗಾಲಿ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವ ಕೋನ) ಮತ್ತು ಟೋ (ಮೇಲಿನಿಂದ ನೋಡಿದರೆ ಗಾಲಿ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಕೋನ) ಅಂಕಿಗಳನ್ನು ಅಚ್ಚುಹಾಕಿಸಿ ಪಡೆಯಿರಿ. ಗಾಲಿಯ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿಸಿ, ನೂರು ಕಿಲೋಮೀಟರಿನ ನಂತರ ಮತ್ತೊಮ್ಮೆ ನೋಡಬೇಕು. ಮೊದಲ ಮುನ್ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ. ಹೊಸ ರಬ್ಬರಿನ ಮೇಲಿರುವ ಅಚ್ಚಿನ ಜಿಡ್ಡು ಹೋಗುವವರೆಗೆ ಹಿಡಿತ ಪೂರ್ತಿ ಬರುವುದಿಲ್ಲ. ಎರಡು ಸಾವಿರ ಕಿಲೋಮೀಟರ್ ಆದಾಗ ಹಿಂದಿನ ಎರಡೂ ಟೈರುಗಳ ಒಳ ಅಂಚು, ನಡು, ಹೊರ ಅಂಚು ಈ ಮೂರು ಕಡೆ ಬಟನ್ನಿನ ಆಳವನ್ನು ಅಳೆಯಿರಿ. ಒಳ ಅಂಚು ಹೊರ ಅಂಚಿಗಿಂತ 1 ಮಿ.ಮೀ.ಗೂ ಹೆಚ್ಚು ಸವೆದಿದ್ದರೆ ಆ ಅಂಕಿಗಳನ್ನೂ ಅಲೈನ್‌ಮೆಂಟ್ ಚೀಟಿಯನ್ನೂ ನನಗೆ ಕಳುಹಿಸಿ. ಬಹುಮಟ್ಟಿಗೆ ಅದು ಟೋ ದೋಷವಾಗಿರುತ್ತದೆ, ಸಸ್ಪೆನ್ಷನ್ನಿನ ಬುಷ್ ಹಳೆಯದಾಗಿದ್ದರೂ ಹಾಗಾಗುತ್ತದೆ. ಯಾವುದೆಂದು ಆ ಆರು ಅಂಕಿಗಳನ್ನು ನೋಡಿದ ಮೇಲೆ ಹೇಳುತ್ತೇನೆ.